ಕೊಡಗಿನ ಮಲೆಯಲ್ಲಿ ಒಂದು ಫೋನಿನ ಕಥೆ

ಮೈಸೂರಿನ ಕಡೆಯಿಂದ ಬರುವ ಪ್ರವಾಸಿ ಕುಶಾಲನಗರದ ಬಳಿ ಕಾವೇರಿಯ ಸೇತುವೆಯನ್ನು ದಾಟಿದೊಡನೆ ಕೊಡಗಿನ ಸೀಮೆಯನ್ನು ಹೊಗುತ್ತಾನೆ. ಆನೆಕಾಡಿನ ನೆರಳಿನಲ್ಲಿ ಸಾಗಿ, ಸುಂಟಿಕೊಪ್ಪದ ಕಾಫಿ ತೋಟಗಳನ್ನು ಹಾಯ್ದು, ತಿರುವಿನ ಮೇಲೆ ತಿರುವನ್ನು ಏರಿ, ಸುಮಾರು 3,800 ಅಡಿ ಎತ್ತರದ ಮಡಿಕೇರಿಯನ್ನು ಸೇರುವ ಹೊತ್ತಿಗೆ ಗಾಳಿಯ ಗುಣವೇ ಬದಲಾಗಿರುತ್ತದೆ. ಬದಲಾಗುವುದು ಗಾಳಿ ಮಾತ್ರವಲ್ಲ. ಅವನ ಜೇಬಿನಲ್ಲಿರುವ ಫೋನು ಒಂದು ತಿರುವಿನಲ್ಲಿ ಮಾತನಾಡುತ್ತದೆ. ಮುಂದಿನ ತಿರುವಿನಲ್ಲಿ ಮೂಕವಾಗುತ್ತದೆ. ಬೆಂಗಳೂರಿನಲ್ಲಿ ಉಸಿರಾಟದಂತೆ ಸಹಜವೆನಿಸಿದ್ದ ಸಂಪರ್ಕ ಇಲ್ಲಿ ಗುಡ್ಡದ ಕೃಪೆಗೆ ಒಳಪಟ್ಟದ್ದು.

ಕೊಡಗಿನ ಜನವಸತಿಯ ಕ್ರಮವೇ ಬೇರೆ. ಬಯಲುಸೀಮೆಯಂತೆ ಮನೆಗೆ ಮನೆ ಅಂಟಿಕೊಂಡ ಊರುಗಳು ಇಲ್ಲಿ ಕಡಮೆ. ಗದ್ದೆಯ ಅಂಚಿನಲ್ಲೊಂದು ಐನ್‌ಮನೆ, ಗುಡ್ಡದ ಆಚೆಗೊಂದು ತೋಟದ ಮನೆ, ತೋಟದ ನಡುವೆ ಕೂಲಿಕಾರರ ಲೈನ್‌ಮನೆ, ಹೀಗೆ ಚದರಿದಂತೆ ಬಾಳುವ ನಾಡು ಇದು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ಚದರ ಕಿಲೋಮೀಟರಿಗೆ 135 ಮಂದಿ. ಕರ್ನಾಟಕದ ಜಿಲ್ಲೆಗಳಲ್ಲೆಲ್ಲ ಇದೇ ಅತಿ ವಿರಳವಾದ ವಸತಿ. ನೆರೆಮನೆಯವರನ್ನು ಕೂಗಿ ಕರೆದರೆ ಕೇಳಿಸದ ಇಂಥ ನಾಡಿನಲ್ಲಿ ಸುದ್ದಿ ಮುಟ್ಟಿಸುವುದೇ ಒಂದು ದೊಡ್ಡ ಕೆಲಸ.

ಹಿರಿಯರು ಅದಕ್ಕೆ ತಮ್ಮದೇ ಆದ ಉಪಾಯವನ್ನು ಕಂಡುಕೊಂಡಿದ್ದರು. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವು ಸಂಭವಿಸಿದರೆ ಎರಡು ಗುಂಡು ಹಾರಿಸುವುದು ಪದ್ಧತಿ. ಕಣಿವೆಯಲ್ಲಿ ಮೊಳಗುವ ಆ ಸದ್ದನ್ನು ಎಣಿಸಿಯೇ ಗದ್ದೆಯಲ್ಲಿದ್ದವರು ಸಂತೋಷಪಡಬೇಕೋ, ಕೈತೊಳೆದು ಸಾವಿನ ಮನೆಗೆ ಹೊರಡಬೇಕೋ ಎಂಬುದನ್ನು ತಿಳಿಯುತ್ತಿದ್ದರು. ತಂತಿಯಿಲ್ಲದ, ಬಿಲ್ಲು ಕಟ್ಟಬೇಕಾಗಿಲ್ಲದ ವಾರ್ತಾವ್ಯವಸ್ಥೆ! ಆದರೆ ದೂರದ ಗಡಿಯಲ್ಲಿ ಕಾವಲಿರುವ ಮಗನಿಗೆ ಆ ಗುಂಡಿನ ಸದ್ದು ಕೇಳಿಸುವುದೆಂತು? ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರನ್ನು ಹೆತ್ತ ಈ ನಾಡಿನಲ್ಲಿ ಸೈನ್ಯಕ್ಕೆ ಮಗನನ್ನು ಕಳುಹಿಸದ ಒಕ್ಕಗಳು ವಿರಳ. ದೂರದ ಧ್ವನಿಗಾಗಿ ಕಾಯುವುದು ಕೊಡಗಿನ ತಾಯಂದಿರಿಗೆ ಹೊಸದಲ್ಲ.

ಸ್ವಾತಂತ್ರ್ಯಾನಂತರ ಆ ಧ್ವನಿ ಬರುತ್ತಿದ್ದುದು ಬಹುಮಟ್ಟಿಗೆ ಬೆಂಗಳೂರಿನಲ್ಲಿ ತಯಾರಾದ ಯಂತ್ರದ ಮೂಲಕ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ದಶಕಗಳ ಕಾಲ ದೇಶಕ್ಕೆಲ್ಲ ದೂರವಾಣಿ ಒದಗಿಸಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿ ನಗರವೆಂದೇ ಹೆಸರಾಯಿತು. ಆದರೆ ಫೋನಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಾಗಿತ್ತು. ಕೊನೆಗೂ ಬಂದ ಫೋನಿಗೆ ಕೊಡಗಿನ ಮಳೆಯೊಡನೆ ಹೊಂದಿಕೆಯಿರಲಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಪಶ್ಚಿಮಕ್ಕೆ ಭಾಗಮಂಡಲದ ಕಡೆಗೆ ಇನ್ನೂ ಹೆಚ್ಚು. ಕಕ್ಕಡ ಮಾಸದ ಗಾಳಿಗೆ ಒಂದು ಕೊಂಬೆ ಮುರಿದರೆ ಸಾಕು, ತಂತಿ ಹರಿದು ಇಡೀ ಕಣಿವೆ ಮೂಕವಾಗುತ್ತಿತ್ತು. ಮುಂದೆ ಹಳದಿ ಫಲಕದ ಎಸ್‌ಟಿಡಿ ಬೂತುಗಳು ಪೇಟೆಗಳಿಗೆ ಬಂದಾಗ, ಗಂಟೆಗಟ್ಟಲೆ ನಡೆದು ಬಂದು ಸಾಲಿನಲ್ಲಿ ನಿಂತವರು ಮೂರು ನಿಮಿಷದ ಮಾತಿನಲ್ಲಿ ಮೂರು ತಿಂಗಳ ಸಮಾಚಾರವನ್ನು ತುಂಬುತ್ತಿದ್ದರು.

ಇಂಥ ನೆಲಕ್ಕೆ ಬಂದದ್ದು ನೋಕಿಯಾ.

ಈ ಹೆಸರಿನ ಮೂಲವೂ ಒಂದು ಊರೇ. ಯೂರೋಪಿನ ಉತ್ತರದ ಅಂಚಿನಲ್ಲಿ, ಕಾಡುಗಳೂ ಸರೋವರಗಳೂ ತುಂಬಿದ ಫಿನ್ಲೆಂಡ್ ದೇಶದಲ್ಲಿ, ಹೊಳೆಯ ದಡದ ಪುಟ್ಟ ಪಟ್ಟಣವದು. 1865ರಲ್ಲಿ ಕಾಗದದ ತಿರುಳು ತೆಗೆಯುವ ಗಿರಣಿಯಾಗಿ ಆರಂಭವಾದ ಸಂಸ್ಥೆ ಆ ಊರಿನ ಹೆಸರನ್ನು ಹೊತ್ತಿತು. 1967ರಲ್ಲಿ ರಬ್ಬರಿನ ಕಾರ್ಖಾನೆಯೂ ಕೇಬಲ್ಲಿನ ಕಾರ್ಖಾನೆಯೂ ಅದರೊಡನೆ ಕೂಡಿಕೊಂಡವು. ಮಳೆಗಾಲದಲ್ಲಿ ಕೊಡಗಿನ ತೋಟದವರು ತೊಡುವಂಥ ಉದ್ದನೆಯ ರಬ್ಬರ್ ಬೂಟುಗಳು ಆ ದೇಶದಲ್ಲಿ ಈ ಹೆಸರಿನಿಂದಲೇ ಮನೆಮಾತಾಗಿದ್ದವು. 1990ರ ದಶಕದಲ್ಲಿ ಬೂಟು, ಕಾಗದ ಎಲ್ಲವನ್ನೂ ಬಿಟ್ಟು ಸಂಸ್ಥೆ ದೂರಸಂಪರ್ಕವೊಂದನ್ನೇ ಹಿಡಿಯಿತು. 1998ರಲ್ಲಿ ಅಮೆರಿಕೆಯ ಮೋಟೊರೋಲಾವನ್ನು ಹಿಂದಿಕ್ಕಿ ಕೈಫೋನು ತಯಾರಕರಲ್ಲಿ ಜಗತ್ತಿಗೇ ಮೊದಲನೆಯದಾಯಿತು.

2003ರಲ್ಲಿ ಹೊರಬಂದ 1100 ಎಂಬ ಮಾದರಿಯನ್ನು ನೆನೆಯದ ಮನೆ ಭಾರತದಲ್ಲಿ ಕಡಮೆ. ಜಗತ್ತಿನಲ್ಲಿ 25 ಕೋಟಿಗೂ ಮಿಗಿಲಾಗಿ ಮಾರಾಟವಾದ ಫೋನು ಅದು. ಬಡದೇಶಗಳ ಧೂಳು, ಬೆವರು, ಕತ್ತಲೆಗಳನ್ನು ಗಮನಿಸಿ ಅದನ್ನು ರೂಪಿಸಿದ್ದರು. ಅಂಕಿಯ ಗುಂಡಿಗಳ ಸಂದಿಗೆ ಧೂಳು ಇಳಿಯದಂತೆ ಒಂದೇ ಹಾಳೆಯ ಹೊದಿಕೆ; ಒದ್ದೆ ಕೈಯಿಂದ ಜಾರದಂಥ ಮೈ; ನೆತ್ತಿಯಲ್ಲೊಂದು ಪುಟ್ಟ ಟಾರ್ಚು. ನಗರದವರಿಗೆ ಟಾರ್ಚು ಆಟದ ವಸ್ತುವಿನಂತೆ ಕಂಡಿರಬಹುದು. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ದಿನಗಟ್ಟಲೆ ಬಾರದ, ರಾತ್ರಿ ಅಂಗಳಕ್ಕೆ ಇಳಿದರೆ ಹಾವೋ, ತೋಟದ ಅಂಚಿನಲ್ಲಿ ಆನೆಯೋ ಇರಬಹುದಾದ ಕೊಡಗಿನಲ್ಲಿ ಅದು ಆಟವಲ್ಲ. ಒಮ್ಮೆ ಚಾರ್ಜು ಮಾಡಿದರೆ ಹಲವು ದಿನ ಬಾಳುತ್ತಿದ್ದ ಅದರ ಬ್ಯಾಟರಿ ಇನ್ನೊಂದು ವರ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಜೇಬಿಗೆ ಸೇರಿಸಿದರೆ ಗದ್ದೆಯ ನಾಟಿಗೂ ತೋಟದ ಕಪಾತಿಗೂ ಅದು ಜೊತೆಗಾರ. ಎಲ್ಲೋ ಉತ್ತರಧ್ರುವದ ಬಳಿಯ ಜನ ಈ ಮಲೆಯ ಕಷ್ಟವನ್ನು ಕಂಡು ಬಂದವರಂತೆ ಅದನ್ನು ಮಾಡಿದ್ದರು!

2006ರಲ್ಲಿ ಚೆನ್ನೈ ಸಮೀಪದ ಶ್ರೀಪೆರಂಬದೂರಿನಲ್ಲಿ ನೋಕಿಯಾದ ದೊಡ್ಡ ಕಾರ್ಖಾನೆ ತಲೆಯೆತ್ತಿತು. ಹಳ್ಳಿಗಳಿಂದ ಬಂದ ಸಾವಿರಾರು ತರುಣಿಯರು ಅಲ್ಲಿ ಫೋನುಗಳನ್ನು ಜೋಡಿಸಿದರು. ಒಂದು ಕಾಲಕ್ಕೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಕೈಫೋನುಗಳಲ್ಲಿ ಅರ್ಧಕ್ಕೂ ಹೆಚ್ಚು ಇದೇ ಹೆಸರಿನವು. ಸ್ಮಾರ್ಟ್‌ಫೋನಿನಲ್ಲಿಯೂ ಅದು ಹಿಂದಿರಲಿಲ್ಲ. 1996ರಷ್ಟು ಹಿಂದೆಯೇ ಕೈಯಲ್ಲಿ ಹಿಡಿಯುವ ಗಣಕದಂಥ ಫೋನನ್ನು ಅದು ಮಾರುಕಟ್ಟೆಗೆ ತಂದಿತ್ತು; 2007ರಲ್ಲಿ ಜಗತ್ತಿನ ಸ್ಮಾರ್ಟ್‌ಫೋನುಗಳಲ್ಲಿ ಸುಮಾರು ಅರ್ಧದಷ್ಟು ಅದರದೇ ಆಗಿದ್ದವು. ಅಂಥ ಸಂಸ್ಥೆ ಏಳೇ ವರ್ಷಗಳಲ್ಲಿ ಫೋನಿನ ವ್ಯಾಪಾರವನ್ನೇ ಮಾರಿಕೊಂಡದ್ದು ಹೇಗೆ?

ಪುಸ್ತಕದ ಉತ್ತರವೊಂದಿದೆ. 2007ರಲ್ಲಿ ಆಪಲ್ ಸಂಸ್ಥೆಯ ಐಫೋನು ಬಂದಿತು. ಬೆರಳಿನಿಂದ ತಡವಿದರೆ ಓಡುವ ಗಾಜಿನ ಪರದೆ ಜನರನ್ನು ಮರುಳುಗೊಳಿಸಿತು. ಮರುವರ್ಷ ಗೂಗಲ್ಲಿನ ಆಂಡ್ರಾಯ್ಡ್ ಬಂದಿತು. ಯಾವ ತಯಾರಕನೂ ಅದನ್ನು ಬಳಸಬಹುದಾಗಿತ್ತು. ನೋಕಿಯಾ ಮಾತ್ರ ಸಿಂಬಿಯನ್ ಎಂಬ ತನ್ನ ಹಳೆಯ ತಂತ್ರಾಂಶಕ್ಕೆ ತೇಪೆ ಹಾಕುತ್ತ ಕುಳಿತಿತು. 2010ರಲ್ಲಿ ಮೈಕ್ರೋಸಾಫ್ಟಿನಿಂದ ಬಂದು ಮುಖ್ಯಾಧಿಕಾರಿಯಾದ ಸ್ಟೀಫನ್ ಈಲಾಪ್, 2011ರ ಫೆಬ್ರುವರಿಯಲ್ಲಿ ತನ್ನ ನೌಕರರಿಗೆ ಬರೆದ ಪತ್ರದಲ್ಲಿ ಸಂಸ್ಥೆಯನ್ನು ನಡುಗಡಲಿನಲ್ಲಿ ಉರಿಯುತ್ತಿರುವ ತೈಲದ ಅಟ್ಟಣೆಗೆ ಹೋಲಿಸಿದ. ಅದೇ ತಿಂಗಳು ಮೈಕ್ರೋಸಾಫ್ಟಿನ ತಂತ್ರಾಂಶವನ್ನು ಅಪ್ಪಿಕೊಂಡದ್ದೂ ಆಯಿತು. ಬೆಂಕಿ ಆರಲಿಲ್ಲ. 2012ರಲ್ಲಿ ಒಟ್ಟು ಮಾರಾಟದಲ್ಲಿ ಸ್ಯಾಮ್‌ಸಂಗ್ ಮುಂದಾಯಿತು. ಅದೇ ವರ್ಷದ ಕೊನೆಗೆ ನೋಕಿಯಾ ತನ್ನ ಪ್ರಧಾನ ಕಚೇರಿಯ ಕಟ್ಟಡವನ್ನೇ ಮಾರಿ ಅದರಲ್ಲಿ ಬಾಡಿಗೆಗೆ ಕುಳಿತಿತು. 2014ರ ಏಪ್ರಿಲಿನಲ್ಲಿ ಫೋನಿನ ವಿಭಾಗ ಮೈಕ್ರೋಸಾಫ್ಟಿನ ಪಾಲಾಯಿತು. ಕೊಂಡವರಿಗೂ ಸುಖವಾಗಲಿಲ್ಲ, ಮರುವರ್ಷವೇ ಅವರು 760 ಕೋಟಿ ಡಾಲರುಗಳನ್ನು ನಷ್ಟವೆಂದು ಬರೆದುಹಾಕಿದರು.

ಕೊಡಗಿನ ಗುಡ್ಡಗಳ ಮೇಲೆ ನಿಂತು ನೋಡಿದರೆ ಇನ್ನೊಂದು ಉತ್ತರವೂ ಕಾಣುತ್ತದೆ. ಈ ನಾಡಿನಲ್ಲಿ ಒಂದು ಕಣಿವೆಗೆ ಬಿಎಸ್‌ಎನ್‌ಎಲ್ ಸಂಜ್ಞೆ ಸಿಕ್ಕಿದರೆ ಗುಡ್ಡದ ಆಚೆಗೆ ಖಾಸಗಿ ಕಂಪನಿಯದು ಸಿಕ್ಕುತ್ತದೆ. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು. ಕುಟ್ಟದ ಗಡಿಯಾಚೆ ಕೇರಳಕ್ಕೆ ಕಾಲಿಟ್ಟರೆ ಮತ್ತೊಂದು. ಆದುದರಿಂದ ಇಲ್ಲಿಯವರಿಗೆ ಎರಡು ಸಿಮ್ ಹಿಡಿಯುವ ಫೋನು ಶೋಕಿಯ ವಸ್ತುವಲ್ಲ, ಅಗತ್ಯ. ಇಡೀ ಭಾರತದ ಜನ, ಕರೆಯ ದರಗಳ ಲೆಕ್ಕದಿಂದಲೂ, ಇದನ್ನೇ ಬಯಸಿದರು. ಮೈಕ್ರೋಮ್ಯಾಕ್ಸ್, ಬೆಂಗಳೂರಿನ ಪಾಲುದಾರಿಕೆಯುಳ್ಳ ಕಾರ್ಬನ್ ಮುಂತಾದ ಹೊಸ ಹೆಸರುಗಳು ಚೀನದಿಂದ ಮಾಡಿಸಿ ತಂದ ಎರಡು ಸಿಮ್ಮಿನ ಅಗ್ಗದ ಫೋನುಗಳನ್ನು ಅಂಗಡಿಗಳಲ್ಲಿ ಸುರಿದವು. ನೋಕಿಯಾದ ಎರಡು ಸಿಮ್ಮಿನ ಫೋನು ಭಾರತಕ್ಕೆ ಬಂದದ್ದು 2011ರಲ್ಲಿ. ಅಷ್ಟು ಹೊತ್ತಿಗೆ ಕೊಳ್ಳುವವರ ಕೈ ಬೇರೆ ಹೆಸರಿಗೆ ಒಗ್ಗಿಹೋಗಿತ್ತು.

ಮಳೆಯನ್ನೂ ಕತ್ತಲೆಯನ್ನೂ ಅಷ್ಟು ಚೆನ್ನಾಗಿ ಅರಿತಿದ್ದ ಸಂಸ್ಥೆಗೆ ಈ ಸಣ್ಣ ಬೇಡಿಕೆ ಕೇಳಿಸಲಿಲ್ಲ. ಮೊದಲು ಬಳಕೆದಾರನ ಮನೆಯ ಅಂಗಳಕ್ಕೆ ಬಂದು ಕೇಳಿದವರು, ಗೆದ್ದ ಮೇಲೆ ಮತ್ತೊಮ್ಮೆ ಕೇಳಲು ಬರಲಿಲ್ಲ. ದೊಡ್ಡವರ ಪತನ ಬಹಳ ಸಲ ಹೀಗೆಯೇ. ಮಾಡಿದ ವಸ್ತು ಕೆಟ್ಟದ್ದಾಗಿ ಅವರು ಬೀಳುವುದಿಲ್ಲ. ನಿನ್ನೆಯ ಪ್ರಶ್ನೆಗೆ ಸೊಗಸಾದ ಉತ್ತರವನ್ನು ಕೈಯಲ್ಲಿ ಹಿಡಿದೇ ಬೀಳುತ್ತಾರೆ. ದೂರವಾಣಿ ನಗರದ ಕಾರ್ಖಾನೆಯ ವೈಭವ ಇಳಿದುದೂ ಇಂಥದೇ ಕಥೆ: 1991ರ ಅನಂತರ ಪೇಟೆ ತೆರೆದಾಗ, ಕಾಯಲು ಒಪ್ಪುತ್ತಿದ್ದ ಗಿರಾಕಿಯೇ ಇಲ್ಲವಾಗಿದ್ದ.

ಬೀಳುವಾಗ ಮಾಲಿಕರಿಗಿಂತ ಮೊದಲು ನೆಲ ತಾಗುವವರು ಕೆಲಸದವರು. ತೆರಿಗೆಯ ವ್ಯಾಜ್ಯದಲ್ಲಿ ಸಿಕ್ಕಿಕೊಂಡ ಶ್ರೀಪೆರಂಬದೂರಿನ ಕಾರ್ಖಾನೆ ಮೈಕ್ರೋಸಾಫ್ಟಿಗೂ ಸೇರದೆ, 2014ರ ನವೆಂಬರಿನಲ್ಲಿ ನಿಂತುಹೋಯಿತು. ಊರಿಗೆ ಮರಳಿದ ಆ ತರುಣಿಯರು ಕೂಡಿಸಿದ ಎಷ್ಟು ಫೋನುಗಳು ಈ ಮಲೆಯ ಜೇಬುಗಳಲ್ಲಿ ಬಾಳಿದವೋ, ಎಣಿಸಿದವರಿಲ್ಲ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳೇ ಕುಸಿದವು. ಮಕ್ಕಂದೂರು, ಕಾಲೂರು, ಹಟ್ಟಿಹೊಳೆಯ ಸುತ್ತಿನಲ್ಲಿ ಮನೆ, ತೋಟ, ರಸ್ತೆಗಳು ಕೆಸರಿನೊಡನೆ ಇಳಿದುಹೋದವು. ಹಲವರು ಜೀವ ತೆತ್ತರು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಮುಚ್ಚಿತು. ಗುಡ್ಡದ ತುದಿಯಲ್ಲಿ ಸಿಕ್ಕಿಕೊಂಡವರಿಗೆ ಫೋನು ಅಂದು ಪ್ರಾಣದ ಎಳೆ. ತಾವಿರುವ ಸ್ಥಳದ ಗುರುತನ್ನು, ಕುಸಿದ ದಾರಿಯ ಚಿತ್ರವನ್ನು ಕಳುಹಿಸಬಲ್ಲದ್ದು ಹೊಸ ಕಾಲದ ಸ್ಮಾರ್ಟ್‌ಫೋನೇ ಹೊರತು ಹಳೆಯ ಫೋನಲ್ಲ. ಆದರೆ ವಿದ್ಯುತ್ತಿಲ್ಲದ ಆ ದಿನಗಳಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ಅದರ ಬ್ಯಾಟರಿ ಬರಿದಾಗುತ್ತದೆ. ದಿನಗಟ್ಟಲೆ ಉಳಿಯುವ ಶಕ್ತಿ ಇದ್ದದ್ದು ಹಳೆಯದಕ್ಕೆ. ಎರಡೂ ಗುಣ ಒಂದೆಡೆ ಸೇರಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಮಾತು ಇಂಥ ಹೊತ್ತಿನಲ್ಲಿ ಬರಿಯ ಆಸೆಯಲ್ಲ. ಇನ್ನು ಗೋಪುರವೇ ಮೌನವಾದರೆ ಹಳತು ಹೊಸತುಗಳೆರಡೂ ಕೈಯೊಳಗಿನ ಕಲ್ಲೇ. ಮುಂದೆ ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ, ಸೋಮವಾರಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಶಿಕ್ಷಕರೊಬ್ಬರು ಸಂಜ್ಞೆ ಸಿಕ್ಕಲೆಂದು ಮರದ ಮೇಲೆ ಅಟ್ಟಣೆ ಕಟ್ಟಿ ಅಲ್ಲಿಂದಲೇ ಪಾಠ ಹೇಳಿದರು.

ಮಡಿಕೇರಿಯ ಶುಕ್ರವಾರದ ಸಂತೆಗೆ ಬಂದ ಹಿರಿಯರಲ್ಲಿ ಕೆಲವರು ಇಂದಿಗೂ ಗುಂಡಿಯ ಫೋನನ್ನೇ ಬಯಸುವುದುಂಟು. “ತಾತ, ಇದರಲ್ಲಿ ಮೊಮ್ಮಕ್ಕಳ ಮುಖ ಕಾಣಿಸುವುದಿಲ್ಲವಲ್ಲ” ಎಂದು ಅಂಗಡಿಯ ಹುಡುಗ ನಗುವನು. “ಮುಖ ನೋಡಲು ಅವರೇ ಬರಲಿ, ನನಗೆ ಮಾತು ಕೇಳಿಸಿದರೆ ಸಾಕು” ಎಂಬ ಬಗೆಯ ಉತ್ತರ ಬರುವುದು. ಆ ಫೋನುಗಳ ಮೇಲಿನ ಹೆಸರೂ ಹಲವು ಬಾರಿ ನೋಕಿಯಾ ಎಂದೇ ಇರುತ್ತದೆ. 2016ರಲ್ಲಿ ಎಚ್‌ಎಂಡಿ ಎಂಬ ಫಿನ್ಲೆಂಡಿನ ಹೊಸ ಸಂಸ್ಥೆ ಹೆಸರನ್ನು ಪರವಾನಗಿಯ ಮೇಲೆ ಪಡೆದು ಹಳೆಯ ಬಗೆಯ ಫೋನುಗಳನ್ನು ಮತ್ತೆ ಮಾರಿತು. ಮೈಯೊಂದು, ಹೆಸರೊಂದು.

ಮೂಲದ ಸಂಸ್ಥೆಯೂ ಅಳಿಯಲಿಲ್ಲ. ಕೈಫೋನನ್ನು ಬಿಟ್ಟು ಅದು ಗೋಪುರಗಳ ಯಂತ್ರೋಪಕರಣಗಳನ್ನು ಮಾಡುವ ಕಸುಬನ್ನು ಉಳಿಸಿಕೊಂಡಿತು. 2022ರಲ್ಲಿ ಭಾರತದ ಏರ್‌ಟೆಲ್ ಮತ್ತು ಜಿಯೊ ಸಂಸ್ಥೆಗಳು ತಮ್ಮ 5ಜಿ ಜಾಲಕ್ಕಾಗಿ ಅದರೊಡನೆ ಒಪ್ಪಂದ ಮಾಡಿಕೊಂಡವು. ತಲಕಾವೇರಿಯ ಕುಂಡಿಕೆಯಲ್ಲಿ ಹುಟ್ಟಿದ ಕಾವೇರಿ ಕೆಲವು ದೂರ ನೆಲದೊಳಗೆ ಅಡಗಿ ಹರಿದು ಕೆಳಗೆ ಮತ್ತೆ ಕಾಣಿಸಿಕೊಳ್ಳುತ್ತಾಳೆಂದು ಭಕ್ತರು ನಂಬುತ್ತಾರೆ. ಜನರ ಅಂಗೈಯಿಂದ ಮರೆಯಾದ ಹೆಸರೂ ಹಾಗೆಯೇ ಕಣ್ಣಿಗೆ ಬೀಳದೆ ಹರಿಯುತ್ತಿದೆ.

ಆದರೆ ಕೊಡಗಿನ ಬೇಡಿಕೆ ಅಂದಿನದೇ. ಕಕ್ಕಡದ ಮಳೆಯಲ್ಲಿ ಆಚೆ ಗುಡ್ಡದ ಮನೆಗೆ ಸುದ್ದಿ ಮುಟ್ಟಬೇಕು. ದೂರದ ಗಡಿಯಲ್ಲಿರುವ ಮಗನ ಧ್ವನಿ ತಾಯಿಗೆ ಕೇಳಿಸಬೇಕು. ಅದನ್ನು ನಡೆಸಿಕೊಡುವವರ ಹೆಸರು ಯಾವುದಾದರೂ ಆಗಲಿ, ಮಲೆಯ ಜನ ಅವರನ್ನು ಮೆಚ್ಚುವರು; ಕೇಳುವುದನ್ನು ಅವರು ಬಿಟ್ಟ ದಿನ ಗದ್ದಲವಿಲ್ಲದೆ ಇನ್ನೊಬ್ಬರ ಕಡೆಗೆ ತಿರುಗುವರು.