ಕಿವಿಯಲ್ಲಿನ ಕರೆ, ಎದುರಿಗಿರುವ ನೆರೆಯವ

ದೂರವಾಣಿಗೆ ಒಂದು ಕಾಲದಲ್ಲಿ ಬಾಗಿಲಿತ್ತು. ಊರೂರ ಬಸ್ ನಿಲ್ದಾಣಗಳ ಬಳಿ ಹಳದಿ ಫಲಕ ಹೊತ್ತು ನಿಂತಿದ್ದ ಎಸ್.ಟಿ.ಡಿ. ಬೂತುಗಳನ್ನು ನನ್ನ ವಯಸ್ಸಿನವರು ಮರೆತಿರಲಾರರು. ಒಬ್ಬರು ನಿಂತರೆ ತುಂಬಿಹೋಗುವ ಗಾಜಿನ ಗೂಡು. ಕೆಂಪು ಅಂಕಿಗಳಲ್ಲಿ ಏರುತ್ತಲೇ ಇರುವ ಮೀಟರು. ಹೊರಗಿನ ಬೆಂಚಿನ ಮೇಲೆ ಸರದಿಗಾಗಿ ಕಾದು ಕುಳಿತವರು. ಒಳಗೆ ಹೋದವರು ಬಾಗಿಲೆಳೆದುಕೊಂಡು ಮಾತನಾಡುತ್ತಿದ್ದರು. ಅಳು ಬಂದರೆ ಗಾಜಿಗೆ ಬೆನ್ನು ಮಾಡುತ್ತಿದ್ದರು. ಹೊರಗಿದ್ದವರೂ ಕಂಡೂ ಕಾಣದಂತೆ ರಸ್ತೆಯ ಕಡೆ ನೋಡುತ್ತಿದ್ದರು. ಈ ಸಭ್ಯತೆಯನ್ನು ಯಾರೂ ಬೋಧಿಸಿದ್ದಲ್ಲ. ಆ ಬಾಗಿಲೇ ಅದನ್ನು ಕಲಿಸಿತ್ತು.

ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿದ್ದ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ, ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಆರಂಭದ ವರ್ಷಗಳಲ್ಲಿ ಕರೆ ಮಾಡಿದವರಷ್ಟೇ ಅಲ್ಲ, ಸ್ವೀಕರಿಸಿದವರೂ ಹಣ ತೆರಬೇಕಾಗಿದ್ದುದರಿಂದ ಮಾತು ತಾನಾಗಿಯೇ ಚುಟುಕಾಗಿರುತ್ತಿತ್ತು. 2003ರಲ್ಲಿ ಬರುವ ಕರೆ ಉಚಿತವಾಯಿತು. ಮಾತು ಉದ್ದವಾಯಿತು. ದೂರವಾಣಿ ಗೂಡಿನಿಂದ ಹೊರಬಂದು ನಮ್ಮ ಜೇಬು ಸೇರಿತು. ಬಾಗಿಲು ಮಾತ್ರ ಅಲ್ಲಿಯೇ ಉಳಿದುಹೋಯಿತು.

ಕೆಲವು ತಿಂಗಳುಗಳ ಹಿಂದೆ ಹಾಸನದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ನನ್ನ ಹಿಂದಿನ ಆಸನದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಯಾರೊಡನೆಯೋ ಫೋನಿನಲ್ಲಿ ಮಾತನಾಡುತ್ತಿದ್ದರು. ಬೇಲೂರು ತಲುಪುವಷ್ಟರಲ್ಲಿ ಅವರ ಸೋದರ ಸೊಸೆಯ ಹೆಸರು, ಆಕೆ ಕೆಲಸ ಮಾಡುವ ಸ್ಥಳ, ನಿಶ್ಚಿತಾರ್ಥ ಮುರಿದುಬಿದ್ದ ಕಾರಣ, ಆಕೆಗಿದ್ದ ಕಾಯಿಲೆ, ವೈದ್ಯರು ಹೇಳಿದ ಮಾತು ಇವೆಲ್ಲವೂ ಬಸ್ಸಿನ ಮುಕ್ಕಾಲು ಜನಕ್ಕೆ ತಿಳಿದಿದ್ದವು. ಆ ಹಿರಿಯರು ಕೆಟ್ಟವರಲ್ಲ. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ಬೇಲೂರಿನಲ್ಲಿ ಅವರು ಚೀಲವೆತ್ತಿಕೊಂಡು ಇಳಿದುಹೋದರು. ಆ ಹುಡುಗಿಯ ಕಥೆ ಮಾತ್ರ ನಮ್ಮೊಂದಿಗೆ ಚಿಕ್ಕಮಗಳೂರಿನವರೆಗೂ ಬಂದಿತು.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆಡಹುವ ಗುರುವಿಗೆ ಧರ್ಮಸಭೆಯ ಕಾನೂನು ಬಹಿಷ್ಕಾರದಂಥ ಕಠಿಣ ಶಿಕ್ಷೆಯನ್ನು ವಿಧಿಸುತ್ತದೆ. ಒಬ್ಬ ಮನುಷ್ಯನ ಗುಟ್ಟು ಅಷ್ಟು ಭಾರವಾದುದೆಂದು ಗುರುಮಠದಲ್ಲಿ ನಮಗೆ ವರ್ಷಗಟ್ಟಲೆ ಹೇಳಿಕೊಟ್ಟರು. ಬಸ್ಸಿನಲ್ಲಿದ್ದ ನಲವತ್ತು ಜನರ ತುಟಿಗಳಿಗೆ ಅಂಥ ಮುದ್ರೆ ಯಾವುದಿದೆ? ಮೊಬೈಲಿನ ಸಭ್ಯತೆ ಎಂದೊಡನೆ ನಾವು ಪಕ್ಕದವರ ಕಿವಿಗಾಗುವ ಕಿರಿಕಿರಿಯ ಬಗ್ಗೆ ಮಾತ್ರ ಯೋಚಿಸುತ್ತೇವೆ. ಕಿರಿಕಿರಿಯನ್ನು ಹೇಗೋ ತಡೆದುಕೊಳ್ಳಬಹುದು. ಅಲ್ಲಿ ಇಲ್ಲದೆಯೇ ಎಲ್ಲರ ಮುಂದೆ ತೆರೆದಿಡಲ್ಪಟ್ಟ ಆ ಹುಡುಗಿಯ ಮಾನದ ಬಗ್ಗೆ ಯಾರು ಕೇಳಬೇಕು?

ಸದ್ದಿಗೆ ಕಾನೂನಿನ ಮದ್ದು ಬಂದಿದೆ. ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2021ರ ನವೆಂಬರ್‌ನಲ್ಲಿ ನಮ್ಮ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮೊಬೈಲಿನ ಸ್ಪೀಕರ್ ಹಾಕಿ ಹಾಡು, ವಿಡಿಯೊ ಕೇಳಿಸುವುದನ್ನು ನಿಷೇಧಿಸಲಾಯಿತು. ಮಾತು ಕೇಳದವರನ್ನು ಬಸ್ಸಿನಿಂದ ಇಳಿಸಲೂಬಹುದು. ಒಳ್ಳೆಯ ನಿಯಮ, ಆದರೆ ರಾತ್ರಿ ಹತ್ತು ಗಂಟೆಗೆ ಘಾಟಿಯ ನಡುವೆ ಪಾಪದ ಕಂಡಕ್ಟರ್ ಯಾರನ್ನು ತಾನೇ ಇಳಿಸಿಯಾನು!

ದೇವಾಲಯದ ಮಾತಿಗೆ ಬರೋಣ. ಬಾಗಿಲ ಬಳಿ ಸೂಚನಾಫಲಕ ಹಾಕಿದ್ದಾಗಿದೆ, ಬಲಿಪೂಜೆಗೆ ಮುಂಚೆ ಪ್ರಕಟಣೆ ಮಾಡುವುದೂ ಆಗಿದೆ. ಆದರೂ ಕಾಣಿಕೆಯ ಪ್ರಾರ್ಥನೆಯ ಹೊತ್ತಿಗೆ ಯಾರದೋ ಚೀಲದೊಳಗಿಂದ ಸಿನಿಮಾ ಹಾಡು ಹೊರಡುತ್ತದೆ. ಮುದುಕಿಯೊಬ್ಬಳು ನಡುಗುವ ಕೈಗಳಿಂದ ಅದನ್ನು ಹುಡುಕುತ್ತಾಳೆ, ಸಿಕ್ಕರೂ ಆರಿಸಲು ಬಾರದು. ಆಗ ಇಡೀ ಸಭೆ ತಿರುಗಿ ಅವಳನ್ನು ನೋಡುವ ನೋಟವಿದೆಯಲ್ಲ, ನನ್ನನ್ನು ಕೇಳಿದರೆ ಆ ಹಾಡಿಗಿಂತ ಅದೇ ಹೆಚ್ಚು ಅಸಭ್ಯ. ಪಕ್ಕದಲ್ಲಿರುವ ಹುಡುಗ ಕೈಚಾಚಿ ಆರಿಸಿಕೊಟ್ಟರೆ ಮುಗಿಯಿತು. ಬೇಕೆಂದೇ ಎತ್ತಿಹಿಡಿದ ಫೋನಿನ ಮಾತು ಬೇರೆ. 2017ರ ನವೆಂಬರ್‌ನಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು, ಪೂಜೆಯ ವೇಳೆ ಫೋಟೊಗಾಗಿ ಮೇಲೇಳುವ ಮೊಬೈಲುಗಳನ್ನು ಕಂಡು ತಮಗಾಗುವ ದುಃಖವನ್ನು ತೋಡಿಕೊಂಡರು. ಗುರು ಕರೆಕೊಡುವುದು ಹೃದಯಗಳನ್ನು ಮೇಲೆತ್ತಲು, ಫೋನುಗಳನ್ನಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಹಾಗೆ ಮಾಡುವವರಲ್ಲಿ ಗುರುಗಳೂ ಧರ್ಮಾಧ್ಯಕ್ಷರೂ ಇದ್ದಾರೆಂದು ಅವರು ಸೇರಿಸಿದ್ದನ್ನು ನಮ್ಮ ಪ್ರಬೋಧನೆಗಳಲ್ಲಿ ನಾವು ಅಷ್ಟಾಗಿ ಹೇಳುವುದಿಲ್ಲ!

ಹಾಗೆಂದು ಫೋನು ಅಪವಿತ್ರ ವಸ್ತುವಲ್ಲ. 2020ರಲ್ಲಿ ದೇವಾಲಯಗಳು ಮುಚ್ಚಿದ್ದಾಗ ಅದೇ ಫೋನಿನ ಮೂಲಕ ಬಲಿಪೂಜೆಯಲ್ಲಿ ಭಾಗವಹಿಸಿರೆಂದು ಜನರಿಗೆ ಹೇಳಿದವರು ನಾವೇ.

ಒಂದು ಸಾವಿನ ಮನೆಯಲ್ಲಿ ಕಂಡದ್ದು ಈ ವಿಷಯದಲ್ಲಿ ನನ್ನನ್ನು ಬಹಳ ದಿನ ಕಾಡಿತು. ಕಾಫಿ ತೋಟದ ಲೈನ್ ಮನೆಯೊಂದರಲ್ಲಿ ವೃದ್ಧೆಯೊಬ್ಬರು ಕೊನೆಯ ಘಳಿಗೆಯಲ್ಲಿದ್ದರು. ಅಭ್ಯಂಗ ನೀಡಲು ಹೋಗಿದ್ದೆ. ಮಗನಿದ್ದುದು ಕುವೈತಿನಲ್ಲಿ. ನಾನು ತೈಲದ ಕರಡಿಗೆಯನ್ನು ತೆರೆಯುತ್ತಿದ್ದಂತೆ ಮೊಮ್ಮಗಳು ಹತ್ತಿರ ಬಂದು, "ಸ್ವಾಮಿ, ಅಪ್ಪ ನೋಡಬೇಕಂತೆ. ಫೋನ್ ಹಿಡ್ಕೊಳ್ಲಾ?" ಎಂದು ಕೇಳಿದಳು. ಆಮೇಲೆ ಅಜ್ಜಿಯ ಕಿವಿಯ ಬಳಿ ಬಗ್ಗಿ ಅವರನ್ನೂ ಕೇಳಿದಳು. ಅವರು ಕಣ್ಣರೆಪ್ಪೆ ಅಲುಗಿಸಿದರು. ಅಭ್ಯಂಗ ಮುಗಿಯುವವರೆಗೂ ಹುಡುಗಿ ಕೈ ಅಲುಗಿಸದೆ ನಿಂತಳು. ಪರಲೋಕ ಮಂತ್ರದ ವೇಳೆ ಆ ಪುಟ್ಟ ಗಾಜಿನೊಳಗಿಂದ ಗಂಡುದನಿಯೊಂದು ನಮ್ಮೊಂದಿಗೆ ಕೂಡಿಕೊಂಡಿತು, ಅರ್ಧದಲ್ಲಿ ತುಂಡಾಯಿತು, ಮತ್ತೆ ಬಂದಿತು.

ಮರುದಿನ ಅದೇ ಮನೆಯ ಅಂಗಳದಲ್ಲಿ ದೂರದ ಬಂಧುವಾದ ತರುಣನೊಬ್ಬ ಫೋನನ್ನು ಜನರ ಭುಜಗಳ ಮೇಲಿಂದ ಚಾಚಿ ಶವಪೆಟ್ಟಿಗೆಯ ಸುತ್ತ ತಿರುಗುತ್ತಿದ್ದ. ತಾಯಿಯ ಎದೆಯ ಮೇಲೆ ಬಿದ್ದು ಅಳುತ್ತಿದ್ದ ಮಗಳ ಮುಖವನ್ನು ಹತ್ತಿರದಿಂದ ಹಿಡಿದ. ಮೆರವಣಿಗೆ ಸ್ಮಶಾನವನ್ನು ತಲುಪುವ ಮೊದಲೇ ಆ ಮುಖ ವಾಟ್ಸ್ಆ್ಯಪ್ ಗುಂಪುಗಳನ್ನು ತಲುಪಿತ್ತು. ಎರಡು ಕಡೆಯೂ ಇದ್ದುದು ಫೋನೇ, ಎರಡು ಕಡೆಯೂ ನಡೆದುದು ಚಿತ್ರೀಕರಣವೇ. ಹುಡುಗಿ ಕೇಳಿದಳು, ತರುಣ ಕೇಳಲಿಲ್ಲ. ಹುಡುಗಿ ಹಿಡಿದದ್ದು ಮಗನಿಗಾಗಿ. ತರುಣ ಯಾರಿಗಾಗಿ ಹಿಡಿದನೋ ಅವನಿಗೇ ತಿಳಿಯದು.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಗೆ ತುರ್ತು ಕರೆಯೊಂದು ಬರುತ್ತದೆ. ಯಾಯಿರನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಸ್ವಾಮಿ ಹೊರಡುತ್ತಾರೆ. ದಾರಿಯಲ್ಲಿ, ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸು ಅವರ ಉಡುಪನ್ನು ಮುಟ್ಟುತ್ತಾಳೆ. ಅವಳು ಗುಣವಾಗಿದ್ದಾಳೆ, ಕೆಲಸ ಮುಗಿದಿದೆ, ಮುಂದೆ ನಡೆಯಬಹುದಾಗಿತ್ತು. ಸ್ವಾಮಿ ನಿಲ್ಲುತ್ತಾರೆ, ಮುಟ್ಟಿದವರು ಯಾರೆಂದು ಸುತ್ತಲೂ ನೋಡುತ್ತಾರೆ, ಅವಳು ಹೇಳುವುದನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಬಾಲಕಿ ಸತ್ತಳೆಂಬ ಸುದ್ದಿ ಬರುತ್ತದೆ. ಆ ಹೊತ್ತಿನಲ್ಲಿ ಯಾಯಿರನ ಎದೆ ಹೇಗಿದ್ದಿರಬೇಕು! ಕರೆ ಬಂದ ಕಡೆಗೂ ಸ್ವಾಮಿ ಹೋದರು, ನಿಜ. ಆದರೆ ಬಳಿಯಲ್ಲಿದ್ದವಳ ಮಾತು ಮುಗಿಸಿಕೊಂಡು ಹೋದರು.

ಗುರುಗಳಾದ ನಮ್ಮ ಪಾಲಿಗೆ ಇದು ಸುಲಭವಲ್ಲ. ಹಿಂದೆ ರೋಗಿಯ ಮನೆಯವರು ಲಾಟೀನು ಹಿಡಿದು ಬಂದು ಬಾಗಿಲು ತಟ್ಟುತ್ತಿದ್ದರು. ಈಗ ತಟ್ಟುವುದು ಫೋನು. ಅದನ್ನು ಪೂರ್ತಿ ಆರಿಸಿಡುವಂತಿಲ್ಲ. ಎದುರಿಗೆ ಕುಳಿತವರು ಮಗನ ಕುಡಿತದ ಬಗ್ಗೆ ಹೇಳಿ ಕಣ್ಣೊರೆಸಿಕೊಳ್ಳುತ್ತಿರುವಾಗ ಮೇಜಿನ ಮೇಲೆ ಅದು ಗುರುಗುಟ್ಟುತ್ತದೆ. ನನಗೆ ಪರಿಚಿತರಾದ ಹಿರಿಯ ಗುರುಗಳೊಬ್ಬರು ಅಂಥ ಹೊತ್ತಿನಲ್ಲಿ ಫೋನನ್ನು ಮುಟ್ಟುವ ಮುಂಚೆ ಎದುರಿಗಿದ್ದವರತ್ತ ನೋಡಿ, "ಆಸ್ಪತ್ರೆ ಕರೆ ಇರಬಹುದಮ್ಮ, ನೋಡಲಾ?" ಎಂದು ಕೇಳುತ್ತಾರೆ. ಅವರು ತಲೆಯಾಡಿಸಿದ ಮೇಲೆಯೇ ಕೈಗೆತ್ತಿಕೊಳ್ಳುತ್ತಾರೆ. ಬೇಡವೆಂದವರನ್ನು ಅವರು ಇದುವರೆಗೂ ಕಂಡಿಲ್ಲವಂತೆ.