ಬ್ರೇಕಿಲ್ಲದ ಬೈಕು, ಒಂದು ಪಾಯಿಂಟಿನ ಬೆಲೆ

ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿಬಂದ ಹೆಂಗಸರನ್ನು ಊರವರು ಕೇಳುವ ಪ್ರಶ್ನೆಗಳು ಮೂರೇ. ರಾಣಿಯ ಅರಮನೆ ನೋಡಿದಿರಾ? ಚಳಿ ಹೇಗಿತ್ತು? ಅಲ್ಲಿ ಕೊಬ್ಬರಿ ಕೆ.ಜಿ.ಗೆ ಎಷ್ಟು? 2022ರಲ್ಲಿ ನಾನು ಮ್ಯಾಂಚೆಸ್ಟರಿನಲ್ಲಿ ಐದು ತಿಂಗಳಿದ್ದು ಅರಳಗುಪ್ಪೆಗೆ ಮರಳಿದಾಗ ನನಗೂ ಇವೇ ಪ್ರಶ್ನೆಗಳು ಎದುರಾದವು. "ಅರಮನೆ ನೋಡಲಿಲ್ಲ ಕಣವ್ವ, ಬೈಕ್ ರೇಸ್ ನೋಡಿಬಂದೆ" ಅಂದೆ. ನನ್ನ ಓರಗಿತ್ತಿ ಮೂಗಿನ ಮೇಲೆ ಬೆರಳಿಟ್ಟಳು. "ಈ ವಯಸ್ನಲ್ಲಿ ಅದೇನಕ್ಕಾ ನಿಂಗೆ ಹುಚ್ಚು?"

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಬೈಕಿನ ಮಾತನ್ನು ಯಾರೂ ಎತ್ತುವುದಿಲ್ಲ. 1989ರಲ್ಲಿ ನನ್ನ ಕಿರಿಯ ಮೈದುನ ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ದುಡ್ಡು ಇಸಕೊಂಡು ರಾತ್ರಿ ಬಿ.ಎಚ್. ರಸ್ತೆಯಲ್ಲಿ ಬರುತ್ತಿದ್ದ. ದೀಪವಿಲ್ಲದೆ ನಿಂತಿದ್ದ ಒಂದು ಲಾರಿಗೆ ಹಿಂದಿನಿಂದ ಬಡಿದ. ತಲೆಗೆ ಹೆಲ್ಮೆಟ್ ಇರಲಿಲ್ಲ. ಆಗೆಲ್ಲ ನಮ್ಮ ಕಡೆ ಯಾರು ಹಾಕುತ್ತಿದ್ದರು ಹೇಳಿ? ಮದುವೆ ಗೊತ್ತಾಗಿತ್ತು, ಸೀರೆ ತಂದಾಗಿತ್ತು. ಅವನ ಜಾವಾ ಬೈಕನ್ನು ಮಾರಲು ಅತ್ತೆಯವರಿಗೆ ಮನಸ್ಸಾಗಲಿಲ್ಲ, ನೋಡಲೂ ಆಗಲಿಲ್ಲ. ತೆಂಗಿನಕಾಯಿ ತುಂಬುವ ಮನೆಯ ಮೂಲೆಯಲ್ಲಿ ಗೋಣಿಚೀಲ ಹೊದಿಸಿ ನಿಲ್ಲಿಸಿದರು. ಈಗಲೂ ಅಲ್ಲೇ ಇದೆ.

ಅಂಥ ಮನೆಯಲ್ಲಿ ಹುಟ್ಟಿದ ನನ್ನ ಚಿಕ್ಕ ಮಗ ಐ.ಟಿ.ಐ. ಮುಗಿಸಿ ಬೈಕ್ ರಿಪೇರಿ ಅಂಗಡಿ ಇಟ್ಟ. ಅದನ್ನಾದರೂ ನುಂಗಿಕೊಂಡೆವು. ಆಮೇಲೆ ಮಣ್ಣಿನ ರೇಸಿಗೆ ಹೋಗುತ್ತೇನೆ ಎಂದು ಹಟ ಹಿಡಿದ. ನಮ್ಮ ಯಜಮಾನರು "ನಿಮ್ಮಮ್ಮನ್ನ ಕೇಳು" ಎಂದು ಜಾರಿಕೊಂಡರು. ಗಂಡಸರಿಗೆ ಇದೊಂದು ಸುಲಭದ ದಾರಿ. ನಾನು "ಅಕ್ಕನ ಬಾಣಂತನ ಮುಗಿಸಿ ಬಂದು ಹೇಳ್ತೀನಿ, ಅಲ್ಲೀವರೆಗೂ ತಾಳು" ಅಂದು ವಿಮಾನ ಹತ್ತಿದೆ. ಪೆಟ್ಟಿಗೆಯಲ್ಲಿ ಅಂಟಿನುಂಡೆ, ಒಣಶುಂಠಿ ಪುಡಿ, ಮೆಣಸು, ಅಟ್ಟದಿಂದ ಇಳಿಸಿದ ಉಂಡೆ ಕೊಬ್ಬರಿ. ತಲೆಯಲ್ಲಿ ಈ ಹುಡುಗನ ಪ್ರಶ್ನೆ.

ಮಗಳು ಅಳಿಯ ಇದ್ದದ್ದು ಮ್ಯಾಂಚೆಸ್ಟರಿನ ಗಾರ್ಟನ್ ಎಂಬ ಕಡೆ. ಹೋದ ಮೊದಲ ಸೋಮವಾರವೇ ಸಂಜೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಭರ್ರೋ ಅಂತ ಸದ್ದು. ಒಂದು ನಿಮಿಷ ಸದ್ದು, ಆಮೇಲೆ ಮೌನ, ಮತ್ತೆ ಸದ್ದು. ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ನಾನು ಬೆಚ್ಚಿಬಿದ್ದೆ. ಅಳಿಯ ನಕ್ಕ. "ಸ್ಪೀಡ್‌ವೇ ಅತ್ತೆ, ಬೈಕ್ ರೇಸು. ಇಲ್ಲೇ ಸ್ಟೇಡಿಯಂ ಇದೆ." ಕೇಳಿ ನನ್ನ ಎದೆ ಧಸಕ್ಕೆಂದಿತು. ಯಾವುದನ್ನು ಊರಲ್ಲಿ ಬಿಟ್ಟುಬಂದೆನೋ ಅದೇ ನನಗಿಂತ ಮುಂಚೆ ಬಂದು ಕೂತಿದೆ!

ಪಕ್ಕದ ಮನೆಯಲ್ಲಿ ಎಂಬತ್ತರ ಒಬ್ಬ ಅಜ್ಜಿ ಇದ್ದರು. ಮಗುವಿಗೆ ಉಣ್ಣೆಯ ಕುಲಾವಿ ಹೆಣೆದು ತಂದರು. ನಾನು ಕೊಬ್ಬರಿ ಮಿಠಾಯಿ ಮಾಡಿಕೊಟ್ಟೆ. ನನ್ನ ಹರಕು ಇಂಗ್ಲಿಷು, ಅವರ ರಾಗದ ಇಂಗ್ಲಿಷು, ನಡುವೆ ಮಗಳ ತರ್ಜುಮೆ. ಹೀಗೆ ಸ್ನೇಹವಾಯಿತು. ಅಜ್ಜಿ ಹುಡುಗಿಯಾಗಿದ್ದಾಗಿನಿಂದ ಬೆಲ್ ವ್ಯೂ ಏಸಸ್ ಎಂಬ ಆ ಊರಿನ ತಂಡದ ಅಭಿಮಾನಿಯಂತೆ. ಮುಂಚಿನ ಸ್ಟೇಡಿಯಂ ಒಂದು ಮೃಗಾಲಯದ ಆವರಣದಲ್ಲೇ ಇತ್ತು. ಈಗಿನದು 2016ರಲ್ಲಿ ಕಟ್ಟಿದ್ದು. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ಸೋಮವಾರ ಅಜ್ಜಿ ನನ್ನ ಕೈಹಿಡಿದು ಎಬ್ಬಿಸಿಕೊಂಡೇ ಹೋದರು.

ಒಳಗೆ ಹೋಗಿ ನೋಡಿದರೆ ನಮ್ಮ ರಾಗಿ ಕಣ ನೆನಪಾಯಿತು. ಮೊಟ್ಟೆಯಾಕಾರದ ದಾರಿ, ಸುತ್ತಳತೆ 350 ಮೀಟರಿನ ಆಸುಪಾಸು. ಟಾರು ಇಲ್ಲ, ಪುಡಿಗಲ್ಲಿನ ನೆಲ. ನಾವು ಕಣ ಮಾಡುವಾಗ ನೀರು ಚಿಮುಕಿಸಿ ಹದ ಮಾಡುತ್ತೇವಲ್ಲ, ಹಾಗೇ ಟ್ರಾಕ್ಟರು ಬಂದು ನೀರು ಹಾಕಿ, ನೆಲ ಕೆರೆದು ಸಮ ಮಾಡಿ ಹೋಗುತ್ತದೆ. ಕಣದಲ್ಲಿ ಎತ್ತು ತಿರುಗುವ ಹಾಗೆ ಇಲ್ಲಿ ಬೈಕು. ಎಡಕ್ಕೆ ಮಾತ್ರ ತಿರುವು. ನಾಲ್ಕು ಸುತ್ತು, ಸುಮಾರು ಒಂದು ನಿಮಿಷ, ಮುಗಿಯಿತು.

ಈ ಬೈಕುಗಳಿಗೆ ಬ್ರೇಕೇ ಇಲ್ಲ ಅಂದರೆ ನಂಬುತ್ತೀರಾ? ಗೇರು ಒಂದೇ. 500 ಸಿ.ಸಿ. ಎಂಜಿನ್, ಪೆಟ್ರೋಲಿನ ಬದಲು ಮೆಥನಾಲ್. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಎಡಗಾಲನ್ನು ನೆಲಕ್ಕೆ ಊರಿ ಎಳೆದುಕೊಂಡೇ ಹೋಗುತ್ತಾರೆ. ಆ ಬೂಟಿನ ಅಡಿಗೆ ಉಕ್ಕಿನ ಲಾಳ. ಬ್ರೇಕಿದ್ದರೆ ಮುಂದಿನವನು ಥಟ್ಟನೆ ನಿಂತು ಹಿಂದಿನವನು ಬಂದು ಗುದ್ದುವ ಭಯ. ಯಾರಿಗೂ ಬ್ರೇಕಿಲ್ಲದಿದ್ದರೆ ಆ ಭಯವಿಲ್ಲ. ನನ್ನ ಮೈದುನನ ಬೈಕಿಗೆ ಬ್ರೇಕು ಇತ್ತು. ಲಾರಿಗೆ ದೀಪ ಇರಲಿಲ್ಲ. ಆ ರಾತ್ರಿ ಮಂಚದ ಮೇಲೆ ಮಲಗಿ ಇದನ್ನೇ ಯೋಚಿಸುತ್ತಿದ್ದೆ.

ಇನ್ನು ಲೆಕ್ಕದ ವಿಷಯ. ಇದು ಒಬ್ಬೊಬ್ಬರ ಆಟವಲ್ಲ, ತಂಡದ ಆಟ. ತಂಡಕ್ಕೆ ಏಳು ಜನ. ಒಂದು ಓಟಕ್ಕೆ ಹೀಟ್ ಅನ್ನುತ್ತಾರೆ. ಅದರಲ್ಲಿ ನಾಲ್ವರು, ಒಂದೊಂದು ತಂಡದಿಂದ ಇಬ್ಬರು. ಮನೆಯ ತಂಡದವರಿಗೆ ಕೆಂಪು, ನೀಲಿ ಟೋಪಿ. ಹೊರಗಿನವರಿಗೆ ಬಿಳಿ, ಹಳದಿ. ಮೊದಲಿಗನಿಗೆ 3 ಪಾಯಿಂಟು, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಹೀಗೆ 15 ಹೀಟು. ಒಟ್ಟು 90 ಪಾಯಿಂಟಿನಲ್ಲಿ 46 ಬಂದರೆ ಗೆದ್ದ ಹಾಗೆ. ಜನ ಕೈಯಲ್ಲೊಂದು ಪುಸ್ತಿಕೆ ಹಿಡಿದು, ಪ್ರತಿ ಹೀಟಿನ ನಂತರ ಪೆನ್ನಿನಿಂದ ಅಂಕ ತುಂಬುತ್ತಾರೆ. ನಾವು ಹಾಲಿನ ಲೆಕ್ಕ ಬರೆಯುವ ಹಾಗೆ ಅಜ್ಜಿ ಕನ್ನಡಕ ಏರಿಸಿ ಬರೆಯುತ್ತಿದ್ದರು.

ಎರಡನೆಯ ವಾರಕ್ಕೆ ನನಗೊಂದು ಸೂಕ್ಷ್ಮ ಹೊಳೆಯಿತು. ಮುಂದೆ ಹೋಗುವವನಿಗೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಅಜ್ಜಿ ನೋಡುವುದು ಮಾತ್ರ ಹಿಂದೆ, ಮೂರನೆಯವನು ಯಾರು ಅಂತ. ಒಂದು ತಂಡದವನು ಮೊದಲು ಬಂದರೂ ಅವನ ಜೊತೆಗಾರ ಕೊನೆಯವನಾದರೆ 3-3, ಗೆದ್ದೂ ಗೆಲ್ಲದ ಹಾಗೆ. ಆ ಜೊತೆಗಾರ ಒಬ್ಬನನ್ನು ಹಿಂದೆ ಹಾಕಿ ಒಂದು ಪಾಯಿಂಟು ತಂದರೆ 4-2. ಇಂಥ ಒಂದೊಂದು ಪಾಯಿಂಟು ಕೂಡಿಯೇ ಕೊನೆಗೆ 46 ಆಗುವುದು. ಯಾರೂ ಚಪ್ಪಾಳೆ ಹೊಡೆಯದ ಆ ಒಂದು ಪಾಯಿಂಟಿನ ಕೆಲಸ ನಮಗೆ, ಮನೆ ನಡೆಸುವವರಿಗೆ, ಬಿಡಿಸಿ ಹೇಳಬೇಕೆ?

ಆ ವರ್ಷ ಮೇಲ್ದರ್ಜೆಯ ಲೀಗಿನಲ್ಲಿ ಆರು ತಂಡಗಳಿದ್ದವು. ಬೆಲ್ ವ್ಯೂ, ಶೆಫೀಲ್ಡ್, ಇಪ್ಸ್‌ವಿಚ್, ಕಿಂಗ್ಸ್ ಲಿನ್, ಪೀಟರ್‌ಬರೋ, ವೂಲ್ವರ್‌ಹ್ಯಾಂಪ್ಟನ್. ವಸಂತದಲ್ಲಿ ಶುರುವಾಗಿ ಚಳಿ ಬೀಳುವ ಹೊತ್ತಿಗೆ ಮುಗಿಯುವ ಋತು. ಬೆಲ್ ವ್ಯೂ ತಂಡದಲ್ಲಿ ಆಸ್ಟ್ರೇಲಿಯಾದ ಮ್ಯಾಕ್ಸ್ ಫ್ರಿಕ್, ಬ್ರೇಡಿ ಕರ್ಟ್ಜ್, ಅಲ್ಲಿಯವನೇ ಆದ ಚಾರ್ಲ್ಸ್ ರೈಟ್, ಜರ್ಮನಿಯಿಂದ ಬಂದ ಹದಿಹರೆಯದ ಹುಡುಗ ನೋರಿಕ್ ಬ್ಲೋಡಾರ್ನ್. ಇವತ್ತು ಪೋಲೆಂಡಿನಲ್ಲಿ ಓಟ, ನಾಳೆ ಇಂಗ್ಲೆಂಡಿನಲ್ಲಿ. ಬೈಕು ಅವರವರದೇ, ಪಾಯಿಂಟಿನ ಲೆಕ್ಕದಲ್ಲಿ ದುಡ್ಡು. ಕೂಲಿಗೆ ಕಾಯಿ ಸುಲಿಯುವವರಿಗೆ ಕಾಯಿ ಲೆಕ್ಕ, ಇವರಿಗೆ ಪಾಯಿಂಟು ಲೆಕ್ಕ.

ಒಂದು ದಿನ ಎರಡನೆಯ ತಿರುವಿನಲ್ಲಿ ಒಬ್ಬ ಹುಡುಗ ಬಿದ್ದ. ಬೈಕು ಅವನನ್ನು ಬಿಟ್ಟು ಹಾರಿ ಬೇಲಿಗೆ ಬಡಿಯಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಇಡೀ ಸ್ಟೇಡಿಯಂ ಉಸಿರು ಬಿಗಿಹಿಡಿಯಿತು. ಅಜ್ಜಿ ನನ್ನ ಮಣಿಕಟ್ಟು ಹಿಡಿದು "ನೋಡು" ಎಂದರು. ಕೆಂಪು ದೀಪ ಹತ್ತಿ ಎಲ್ಲರೂ ನಿಂತಿದ್ದರು. ಸವಾರನ ಕೈಗೂ ಎಂಜಿನ್ನಿಗೂ ಒಂದು ದಾರ ಕಟ್ಟಿರುತ್ತದೆ, ಅವನು ಬಿದ್ದೊಡನೆ ಎಂಜಿನ್ ಆರಿಹೋಗುತ್ತದೆ. ತಿರುವಿನ ಬೇಲಿ ಗಾಳಿ ತುಂಬಿದ ಮೆತ್ತೆಯದು. ಆಂಬುಲೆನ್ಸೂ ವೈದ್ಯರೂ ಇಲ್ಲದೆ ಒಂದು ಹೀಟೂ ಶುರುವಾಗುವುದಿಲ್ಲ. ಹುಡುಗ ಎದ್ದು ಮಣ್ಣು ಕೊಡವಿಕೊಂಡು ನಡೆದ. ಎದುರು ತಂಡದವರೂ ಚಪ್ಪಾಳೆ ತಟ್ಟಿದರು.

ಹಾಗಂತ ಇದು ಅಪಾಯವಿಲ್ಲದ ಆಟ ಎಂದು ನಾನು ಹೇಳುವುದಿಲ್ಲ. ಮನೆಗೆ ನಡೆದು ಬರುವಾಗ ಅಜ್ಜಿ ಪೀಟರ್ ಕ್ರೇವನ್ ಕಥೆ ಹೇಳಿದರು. ಬೆಲ್ ವ್ಯೂ ತಂಡದ ಪುಟ್ಟ ಆಳು, 1955 ಮತ್ತು 1962ರಲ್ಲಿ ವಿಶ್ವ ಚಾಂಪಿಯನ್. 1963ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೋದಲ್ಲಿ, ಮುಂದೆ ಬಿದ್ದಿದ್ದ ಸವಾರನನ್ನು ತಪ್ಪಿಸಲು ಹೋಗಿ ಬೇಲಿಗೆ ಬಡಿದು, ನಾಲ್ಕು ದಿನದಲ್ಲಿ ತೀರಿಕೊಂಡ. "ಆಮೇಲೆ ನೀವು ರೇಸಿಗೆ ಹೋಗೋದು ಬಿಟ್ರಾ?" ಅಂದೆ. "ಆ ವರ್ಷ ಮತ್ತೆ ಹೋಗಲಿಲ್ಲ. ಮುಂದಿನ ವರ್ಷ ಹೋದೆ" ಅಂದರು. ಅಷ್ಟೇ. ನಾನು 1989ರ ಕಥೆ ಹೇಳಿದೆ. ಮೂವತ್ತಮೂರು ವರ್ಷದಲ್ಲಿ ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಜಾವಾ ಎಂಬ ಹೆಸರು ಕೇಳಿ ಅವರು ನಿಂತುಬಿಟ್ಟರು. ಜಾವಾದವರು ಸ್ಪೀಡ್‌ವೇ ಬೈಕುಗಳನ್ನೂ ಮಾಡುತ್ತಿದ್ದರಂತೆ! ಜೆಕೊಸ್ಲೊವಾಕಿಯಾದ ದಿವಿಶೊವ್ ಎಂಬ ಊರಿನಲ್ಲಿ ಅದಕ್ಕೇ ಒಂದು ಕಾರ್ಖಾನೆ. ನಮ್ಮ ಮೈಸೂರಿನಲ್ಲಿ 1961ರಿಂದ ಐಡಿಯಲ್ ಜಾವಾ ಕಾರ್ಖಾನೆ ಅದೇ ಹೆಸರಿನ ರಸ್ತೆ ಬೈಕು ಮಾಡುತ್ತಿತ್ತು, ಆಮೇಲೆ ಯೆಜ್ಡಿ ಮಾಡಿತು, 1996ರಲ್ಲಿ ಮುಚ್ಚಿತು. ಅಜ್ಜಿ ಚಪ್ಪಾಳೆ ತಟ್ಟಿದ ಹೆಸರು, ನಮ್ಮಲ್ಲಿ ಗೋಣಿಚೀಲದಡಿ ಮಲಗಿದ ಹೆಸರು, ಒಂದೇ.

ಇನ್ನೊಂದು ಸಂಗತಿ ನಮ್ಮ ಓದುಗ ಸೋದರಿಯರಿಗೆ ಹೇಳಲೇಬೇಕು. ಈ ಆಟ ಇಂಗ್ಲೆಂಡಿಗೆ ಬಂದ 1928ರ ಹೊತ್ತಿಗೇ ಐರ್ಲೆಂಡಿನ ಫೇ ಟೇಲರ್ ಎಂಬ ಹೆಂಗಸು ಗಂಡಸರ ಸಮಕ್ಕೆ ಓಡಿಸಿ ಗೆದ್ದವಳು. 1930ರಲ್ಲಿ ಹೆಂಗಸರು ಓಡಿಸಕೂಡದು ಎಂದು ನಿಷೇಧ ಹಾಕಿದರು. ಟೇಲರ್ ಸುಮ್ಮನೆ ಕೂರದೆ ಕಾರ್ ರೇಸಿಗೆ ಹೋದಳು. ನಮ್ಮ ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಮರಳುಗಾಡಿನ ಬೈಕ್ ರೇಸಿನ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದಾಗ, ಟೇಲರ್ ಬದುಕಿದ್ದರೆ ಸಂತೋಷಪಡುತ್ತಿದ್ದಳೇನೋ.

ದಸರೆಗೆ ಮುಂಚೆ ಊರಿಗೆ ಬಂದೆ. ಅಕ್ಟೋಬರಿನಲ್ಲಿ ಮಗಳು ಫೋನ್ ಮಾಡಿ, ಬೆಲ್ ವ್ಯೂ ಫೈನಲ್‌ನಲ್ಲಿ ಶೆಫೀಲ್ಡನ್ನು ಸೋಲಿಸಿತು, 1993ರ ನಂತರ ಇದೇ ಮೊದಲ ಲೀಗ್ ಗೆಲುವು, ಅಜ್ಜಿ ಅತ್ತುಬಿಟ್ಟರು ಅಂದಳು. ಹಿಂದಿನ ವರ್ಷ ಫೈನಲ್‌ಗೆ ಬಂದು ಪೀಟರ್‌ಬರೋ ಎದುರು ಸೋತಿದ್ದ ತಂಡ ಅದು. ಇಪ್ಪತ್ತೊಂಬತ್ತು ವರ್ಷ ಕಾದು ಲೆಕ್ಕ ಬರೆದವರ ಅಳು ಅದು. ಆ ಆರು ತಂಡಗಳಲ್ಲಿ ಪೀಟರ್‌ಬರೋ, ವೂಲ್ವರ್‌ಹ್ಯಾಂಪ್ಟನ್ ಎರಡೂ 2023ರಲ್ಲಿ ತಮ್ಮ ಮೈದಾನ ಕಳೆದುಕೊಂಡವು.

ಆಗ ಮಗ ಎದುರು ಬಂದು ನಿಂತ. "ಅಮ್ಮಾ, ಬಂದ್ಮೇಲೆ ಹೇಳ್ತೀನಿ ಅಂದಿದ್ದೆ." ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಪ್ರಶ್ನೆ ಕೇಳಿದೆ. ಕಲಿಸೋರು ಯಾರು? ಅಲ್ಲಿ ಆಂಬುಲೆನ್ಸ್ ನಿಂತಿರುತ್ತಾ? ಹೆಲ್ಮೆಟ್ಟು, ಬೂಟು, ಎದೆಗವಚ, ಕುತ್ತಿಗೆಪಟ್ಟಿ ಎಲ್ಲಾ ನಿನ್ನ ದುಡ್ಡಲ್ಲಿ ಮೊದಲು ಕೊಂಡು ತೋರಿಸು. ಅವನು ಸಿ.ಎಸ್. ಸಂತೋಷ್ ಹೆಸರು ಹೇಳಿದ. ಬೆಂಗಳೂರಿನ ಇವರು 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಕೋಲಾರದ ಕಡೆ ಮಣ್ಣಿನ ಬೈಕ್ ಕಲಿಸುವ ಜಾಗ ಮಾಡಿದ್ದಾರೆ. "ಅವರು 2021ರಲ್ಲಿ ಬಿದ್ದು ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿದ್ದರಲ್ಲ, ಅದನ್ನ ಯಾಕೆ ಹೇಳಲಿಲ್ಲ?" ಅಂದೆ. ಹುಡುಗ ತಬ್ಬಿಬ್ಬಾದ. ಪೇಪರ್ ಓದುವ ತಾಯಿ ಮುಂದೆ ಅರ್ಧ ಸತ್ಯ ನಡೆಯುವುದಿಲ್ಲ. ಪೂರ್ತಿ ಹೇಳಿದ ಮೇಲೆ, ಒಂದು ವರ್ಷ ಬರೀ ಕಲಿಕೆ, ಆಮೇಲೆ ಸ್ಪರ್ಧೆ ಎಂದು ಒಪ್ಪಿದೆ. ರಸ್ತೆ ಮೇಲೆ ರೇಸಿನ ಗತ್ತು ತೋರಿಸಿದ ದಿನ ಎಲ್ಲಾ ಬಂದ್. ಕಾಯಿಮನೆಯ ಜಾವಾವನ್ನು ರಿಪೇರಿ ಮಾಡುತ್ತೇನೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

2024ರ ಜನವರಿ-ಫೆಬ್ರವರಿಯಲ್ಲಿ ನಮ್ಮ ದೇಶದಲ್ಲೇ ಸೂಪರ್‌ಕ್ರಾಸ್ ಲೀಗ್ ಶುರುವಾಯಿತು. ಅಲ್ಲೂ ಆರು ತಂಡ. ಪುಣೆ, ಅಹಮದಾಬಾದ್, ಕೊನೆಗೆ ಬೆಂಗಳೂರು. ಸಂತೋಷ್ ಅವರ ಬಿಗ್‌ರಾಕ್ ತಂಡವೇ ಗೆದ್ದಿತು. ಬೆಂಗಳೂರಿನ ಕೊನೆಯ ಪಂದ್ಯಕ್ಕೆ ಮಗ ನನ್ನನ್ನೂ ಯಜಮಾನರನ್ನೂ ಕರೆದುಕೊಂಡು ಹೋಗಿದ್ದ. ಇದರಲ್ಲಿ ಗುಡ್ಡೆಗಳ ಮೇಲೆ ಹಾರುವುದೇ ಹೆಚ್ಚು. ಯಜಮಾನರು ಬಾಯಿ ಬಿಟ್ಟುಕೊಂಡು ಮುಂದಿನವನನ್ನು ನೋಡುತ್ತಿದ್ದರು. ನಾನು "ಹಿಂದೆ ನೋಡ್ರೀ, ಪಾಯಿಂಟು ಅಲ್ಲಿದೆ" ಅಂದೆ.

ಮನೆಯಲ್ಲಿ ಗಂಡುಮಕ್ಕಳು ಬೈಕು ಕೇಳಿದಾಗ ನೀವು ಏನು ಹೇಳಬೇಕು ಎಂದು ನಾನು ಹೇಳಲಾರೆ. ಒಂದೊಂದು ಮನೆಯ ನೋವು ಒಂದೊಂದು ಥರ. ಆದರೆ ಐ.ಎಸ್.ಐ. ಗುರುತಿನ ಹೆಲ್ಮೆಟ್ಟಿಲ್ಲದೆ ಬೀಗದಕೈ ಕೊಡಬೇಡಿ. ರಾತ್ರಿ ಹೊತ್ತು ಕೊಬ್ಬರಿ ದುಡ್ಡಿಗೆ ಬೈಕಿನಲ್ಲಿ ಕಳಿಸಬೇಡಿ, ಬೆಳಿಗ್ಗೆ ಹೋದರೂ ಮಂಡಿ ಅಲ್ಲೇ ಇರುತ್ತದೆ. ಟ್ರಾಕ್ಟರಿನ ಹಿಂದಿನ ಕೆಂಪು ದೀಪ ಉರಿಯುತ್ತದೆಯೇ ಎಂದು ನೀವೇ ಹೋಗಿ ನೋಡಿ. ಯಾರದೋ ಮನೆಯ ಹುಡುಗ ಹಿಂದಿನಿಂದ ಬರುತ್ತಿರುತ್ತಾನೆ.

ನನ್ನ ಮಗ ಹೋದ ವರ್ಷ ಮೊದಲ ಸ್ಪರ್ಧೆಗೆ ಇಳಿದ. ಹದಿನಾಲ್ಕು ಜನರಲ್ಲಿ ಹನ್ನೊಂದನೆಯವನು. ಮುಖ ಸಣ್ಣದು ಮಾಡಿಕೊಂಡು ಬಂದ. ಮೈಕೈ ತಡವಿ ನೋಡಿದೆ, ಎಲ್ಲಾ ನೆಟ್ಟಗಿತ್ತು. ಬಿಸಿನೀರು ಕಾಯಿಸಿಕೊಟ್ಟೆ. ಅವನು ಸ್ನಾನಕ್ಕೆ ಹೋದಾಗ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ತಾರೀಕು ಹಾಕಿ "11" ಎಂದು ಬರೆದಿಟ್ಟೆ. ಇನ್ನೂ ಹಾಳೆಗಳು ಬೇಕಾದಷ್ಟಿವೆ.