ನಾಲ್ಕನೆಯ ಖೋಲಿ

ನಾವು ಬಿ.ಎಸ್ಸಿ.ಯಲ್ಲಿ ಓದಿದ್ದು ರಸಾಯನಶಾಸ್ತ್ರ. ಕೇಂದ್ರ ಸರಕಾರ ಕೊಟ್ಟದ್ದು ಗುಮಾಸ್ತಿಕೆ. ಅದರ ಬಾಲಕ್ಕೆ ಇನ್ನೊಂದು ಕೆಲಸ ಅಂಟಿಕೊಂಡಿದೆ. ದೆಹಲಿಯಲ್ಲಿರುವ ಸರ್ವರುಗಳ ಪಟ್ಟಿಯಲ್ಲಿ ಯಾರ ಹೆಸರಿರಬೇಕು, ಯಾರದಿರಬಾರದು ಎಂದು ನೋಡಿಕೊಳ್ಳುವುದು. ಆ ಯಂತ್ರಗಳ ಮುಖವನ್ನು ನಾವು ಕಂಡವರಲ್ಲ. ವಿಕ್ರೋಳಿಯ ಕಚೇರಿಯಲ್ಲಿ ಕುಳಿತು ಕಪ್ಪು ಪರದೆಯ ಮೇಲೆ ಒಂದು ಸಾಲು ಹೊಡೆದರೆ ಅಲ್ಲಿ ಕೆಲಸವಾಗುತ್ತದೆ. ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದು ಅಂತೂ ಉಪಯೋಗಕ್ಕೆ ಬಂತು!

ದೊಡ್ಡ ಯಂತ್ರದ ಹೊಟ್ಟೆಯೊಳಗೆ ಇನ್ನೊಂದು ಪುಟ್ಟ ಯಂತ್ರವಿರುತ್ತದೆ. ದೊಡ್ಡದು ಆರಿದ್ದರೂ ಇದು ಎಚ್ಚರ. ದೂರದಿಂದಲೇ ದೊಡ್ಡದನ್ನು ಎಬ್ಬಿಸಬಹುದು, ಮಲಗಿಸಬಹುದು, ಮೈ ಎಷ್ಟು ಬಿಸಿಯಾಗಿದೆಯೆಂದು ಕೇಳಬಹುದು. ಇದರೊಡನೆ ಮಾತಾಡುವ ಕ್ರಮಕ್ಕೆ ಐಪಿಎಂಐ ಎಂದು ಹೆಸರು. ಇಂಟೆಲ್, ಎಚ್‌ಪಿ, ಡೆಲ್, ಎನ್‌ಇಸಿ ಕಂಪನಿಗಳು ಸೇರಿ 1998ರಲ್ಲಿ ಹೊರತಂದದ್ದು. ಇದಕ್ಕೆ ತನ್ನದೇ ಹೆಸರಿನ ಪಟ್ಟಿ, ತನ್ನದೇ ಪಾಸ್‌ವರ್ಡು. ದೊಡ್ಡ ಯಂತ್ರದಲ್ಲಿ ಹೆಸರು ಹೊಡೆದುಹಾಕಿದರೆ ಇದಕ್ಕೆ ಸುದ್ದಿಯೇ ಇಲ್ಲ.

‘ಐಪಿಎಂಐಟೂಲ್ ಯೂಸರ್ ಲಿಸ್ಟ್ 1’ ಎಂದರೆ ಪಟ್ಟಿ ಬರುತ್ತದೆ. ನೋಡಿದರೆ ಥೇಟ್ ಚಾಳು! ಎಣಿಸಿದಷ್ಟೇ ಖೋಲಿ, ಒಂದೊಂದಕ್ಕೂ ನಂಬರು. ಒಂದನೆಯದು ಹೆಸರಿಲ್ಲದವನಿಗೆ ಮೀಸಲು. ಪಾಸ್‌ವರ್ಡು ಇಪ್ಪತ್ತು ಅಕ್ಷರ ಮೀರುವಂತಿಲ್ಲ. ಬಾಡಿಗೆದಾರ ಹೋದನೆಂದು ಖೋಲಿ ಕೆಡವಲಾಗದು. ‘ಯೂಸರ್ ಡಿಸೇಬಲ್’ ಎಂದು ಬೀಗ ಜಡಿಯಬೇಕು, ಅಷ್ಟೇ.

ಹೋದ ವರ್ಷ ಪಟ್ಟಿ ತೆಗೆದಾಗ ನಾಲ್ಕನೆಯ ಖೋಲಿಯಲ್ಲಿ ಕಂಡವರು ಧಾರವಾಡದ ಕಡೆಯ ನಮ್ಮ ಹಿರಿಯರು. ಈ ವಿದ್ಯೆಯನ್ನು ನಮಗೆ ಕಲಿಸಿದವರೇ ಅವರು. ಶಾಲು, ಹಾರ, ಭಾಷಣ ಎಲ್ಲ ಮುಗಿಸಿ ನಿವೃತ್ತರಾಗಿ ಮೂರು ವರ್ಷ. ಇಲ್ಲಿ ಮಾತ್ರ ಪೂರ್ಣ ಅಧಿಕಾರದಲ್ಲಿ ವಿರಾಜಮಾನರು! “ಇರಲಿ ಬಿಡಿ, ನಮ್ಮವರೇ ಅಲ್ಲವೆ?” ಎಂದರು ಪಕ್ಕದ ಮೇಜಿನವರು.

ಸಂಶಯ ಅವರ ಮೇಲಲ್ಲ, ಸ್ವಾಮಿ. 2004ರಲ್ಲಿ ಬಂದ ಐಪಿಎಂಐ ಎರಡನೆಯ ಆವೃತ್ತಿಯ ರಚನೆಯಲ್ಲೇ ಒಂದು ದೋಷವಿದೆ, 2013ರಲ್ಲಿ ಬಯಲಾಯಿತು. ಇರುವ ಹೆಸರೊಂದನ್ನು ಹೇಳಿದರೆ ಸಾಕು, ಒಳಗೆ ಬಿಡುವ ಮೊದಲೇ ಆ ಪಾಸ್‌ವರ್ಡಿನಿಂದ ಹೊಸೆದ ಗುರುತನ್ನು ಕೇಳಿದವನ ಕೈಗಿಡುತ್ತದೆ. ಕಳ್ಳ ಅದನ್ನು ಮನೆಗೊಯ್ದು ನಿಧಾನವಾಗಿ ಊಹೆ ಹೊಂದಿಸಿ ನೋಡಬಹುದು. ಅದಕ್ಕೇ ಇಂಥ ಬಾಗಿಲನ್ನು ಹೊರಗಿನ ಇಂಟರ್‌ನೆಟ್ಟಿಗೆ ತೆರೆದಿಡಬಾರದು. ವರ್ಷಗಟ್ಟಲೆ ಯಾರೂ ಪಾಸ್‌ವರ್ಡು ಬದಲಿಸದ ಹೆಸರಂತೂ ಕಳ್ಳನಿಗೆ ಹೇಳಿ ಮಾಡಿಸಿದ್ದು.

ಬೀಗ ಜಡಿದೆವು. ಗುರುಗಳ ಹೆಸರಿಗೆ ಹೀಗೆ ಮಾಡಿ ಸುಮ್ಮನಿರಲು ಮನಸ್ಸೊಪ್ಪದೆ ಸಂಜೆ ಫೋನು ಮಾಡಿ ಹೇಳಿದೆವು. ಬೇಜಾರಾದಾರೆಂದು ನಮಗೆ ಅಳುಕು. ಅವರೋ ಗಾಬರಿಯಾಗಿ, “ಇನ್ನೂ ಇತ್ತೇನ್ರೀ ಅದು? ಛಲೋ ಮಾಡಿದ್ರಿ. ನಾಳೆ ಯಾವನರ ನನ್ನ ಹೆಸರಿನ್ಯಾಗ ಒಳಗ ಹೊಕ್ಕಿದ್ರ ನನ್ನ ಪೆನ್ಶನ್ನಿನ ಗತಿ ಏನು?” ಎಂದರು. ಆಮೇಲೆ ದೊಡ್ಡ ಯಂತ್ರದಲ್ಲೂ ತೆಗೆದಿದ್ದೀರಾ ಎಂದು ಎರಡೆರಡು ಸಲ ಕೇಳಿದರು.

ಆ ಖೋಲಿಗೆ ಈಗ ಸಾತಾರೆಯ ಹುಡುಗಿಯೊಬ್ಬಳು ಬಂದಿದ್ದಾಳೆ. ಹೆಸರು ಬರೆದು, ಹೊಸ ಪಾಸ್‌ವರ್ಡು ಹಾಕಿಸಿ, ಆಮೇಲೆಯೇ ಬೀಗ ತೆಗೆದೆವು.